ಬೇರೆ ಕಂಪನಿ ಟ್ರಾಕ್ಟರ್ ನಾಲ್ಕು ದಿನ ಓಡಿಸಿ ಕಲಿತದ್ದು

ಏಪ್ರಿಲ್‌ನ ಮೊದಲ ಮಳೆಗೆ ಚೆಲ್ಲಿದ್ದ ಅಪ್ಸೆಣಬು ಎದೆಮಟ್ಟ ಬೆಳೆದು ಹೂ ಬಿಡೋಕೆ ಶುರು ಮಾಡಿತ್ತು. ಹಸಿರೆಲೆ ಗೊಬ್ಬರದ ಬೆಳೆ ಮಣ್ಣಿಗೆ ಸೇರಿಸಬೇಕಾದ ಹೊತ್ತು ಅದೇ. ಒಂದು ವಾರ ತಡ ಮಾಡಿದರೆ ಕಾಂಡ ನಾರಾಗುತ್ತೆ, ಕೊಳೆಯೋಕೆ ತಿಂಗಳು ಹಿಡಿಯುತ್ತೆ, ಅದರ ಹಿಂದೆ ನಾಟಿ ಮಾಡಬೇಕಾದ ಅರಿಶಿನವೂ ಹಿಂದೆ ಬೀಳುತ್ತೆ. ಸರಿಯಾಗಿ ಆ ವಾರವೇ ನನ್ನ ಟ್ರಾಕ್ಟರ್ ಹೈಡ್ರಾಲಿಕ್ ಪಂಪ್‌ನಿಂದ ಎಣ್ಣೆ ಸೋರೋಕೆ ಶುರುವಾಯ್ತು.

ಕೊಳ್ಳೇಗಾಲದಲ್ಲಿ ಗ್ಯಾರೇಜಿಗೆ ಬಿಟ್ಟೆ. "ಸೀಲ್ ಬರೋಕೆ ನಾಲ್ಕು ದಿನ ಬೇಕು, ಅದರ ಜೊತೆ 250 ಗಂಟೆ ಸರ್ವಿಸೂ ಮುಗಿಸಿಕೊಡ್ತೀನಿ" ಅಂದರು ಮೇಸ್ತ್ರಿ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಅಲ್ಲಿವರೆಗೂ ಹೊರಗಡೆ ನಿಂತಿರೋ ನನ್ನ ಗಾಡಿ ತಕ್ಕೊಂಡೋಗಿ" ಅಂತ ಕೀ ಕೈಗಿಟ್ಟರು. ಅದು ಬೇರೆ ಕಂಪನಿ ಗಾಡಿ. ನಾನು ವರ್ಷಗಟ್ಟಲೆ ಟೀ ಅಂಗಡೀಲಿ ಆಡಿಕೊಂಡು ನಕ್ಕಿದ್ದ ಕಂಪನಿ.

ಬಂಡಳ್ಳಿ ತಲುಪೋದ್ರೊಳಗೆ ನಾಲ್ಕು ಜನ ಕೇಳಿದರು: "ಏನಪ್ಪಾ, ಪಾರ್ಟಿ ಬದಲಾಯಿಸ್ಬುಟ್ಟಾ?"

ಕಂಪನಿ ಹೆಸರು ಇಲ್ಲಿ ಬರೆಯಲ್ಲ. ಮುಂದೆ ಆದ ತಪ್ಪು ಆ ಗಾಡಿದಲ್ಲ, ನಂದು.

ಬಣ್ಣದ ಜಗಳ

ನಮ್ಮ ಕಡೆ ಟ್ರಾಕ್ಟರ್ ಕಂಪನಿ ಅಂದ್ರೆ ಸಿನಿಮಾ ಹೀರೋ ಇದ್ದ ಹಾಗೆ. ಒಬ್ಬನ ಅಭಿಮಾನಿ ಇನ್ನೊಬ್ಬನ ಚಿತ್ರ ನೋಡಲ್ಲ. ಆದರೆ ಮಹೀಂದ್ರಾ ಕಂಪನಿ 2007ರಲ್ಲೇ ಸ್ವರಾಜ್ ತಯಾರಿಸುತ್ತಿದ್ದ ಪಂಜಾಬ್ ಟ್ರಾಕ್ಟರ್ಸನ್ನು ಕೊಂಡುಕೊಂಡಿತು. ಮ್ಯಾಸ್ಸಿ ಫರ್ಗ್ಯೂಸನ್ ಟ್ರಾಕ್ಟರ್ ಮಾಡುವ ಚೆನ್ನೈನ ಟಾಫೆ 2005ರಲ್ಲಿ ಐಷರ್ ಟ್ರಾಕ್ಟರ್ ವ್ಯವಹಾರವನ್ನು ಕೊಂಡಿತು. ನಾವು ಅರಳಿಕಟ್ಟೆ ಮೇಲೆ ಕೂತು ಜಗಳ ಆಡುವ ಬಣ್ಣಗಳಲ್ಲಿ ಕೆಲವು ಒಂದೇ ಮನೆಯ ಅಣ್ತಮ್ಮಂದಿರು!

ಹಿಂಭಾಗ ನೋಡಿದರಂತೂ ಎಲ್ಲ ಕಂಪನಿಯದೂ ಒಂದೇ ಥರ. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ 1920ರ ದಶಕದಲ್ಲಿ ರೂಪಿಸಿದ ಮೂರು ಕೊಂಡಿಯ ಲಿಂಕೇಜೇ ಇವತ್ತಿಗೂ ಎಲ್ಲ ಟ್ರಾಕ್ಟರ್‌ಗಳ ಹಿಂದೆ ಇರೋದು. ಪಿಟಿಓ ಶಾಫ್ಟ್‌ಗೆ ಆರು ಹಲ್ಲು, 35 ಮಿ.ಮೀ. ದಪ್ಪ, ನಿಮಿಷಕ್ಕೆ 540 ಸುತ್ತು. ಹಾಗಾಗಿಯೇ ನನ್ನ 5 ಅಡಿ ರೋಟವೇಟರ್ ಆ ಗಾಡಿಗೆ ಹತ್ತೇ ನಿಮಿಷದಲ್ಲಿ ಕೂತಿತು.

ಅಲ್ಲೇ ನಾನು ಮೋಸ ಹೋದದ್ದು. ಹಿಂದೆ ಎಲ್ಲ ಒಂದೇ ಅಂದಮೇಲೆ ಮುಂದೆಯೂ ಒಂದೇ ಅಂದುಕೊಂಡುಬಿಟ್ಟೆ.

ಆ ದಿನ ಆಗಿದ್ದು

ಎರಡನೇ ದಿನ ಬೆಳಿಗ್ಗೆ. ಅಪ್ಸೆಣಬು ನಾರಿನ ಬೆಳೆ ಅಲ್ವಾ, ರೋಟವೇಟರ್ ರೋಟರ್‌ಗೆ ಹಗ್ಗದ ಥರ ಸುತ್ತಿಕೊಳ್ಳೋಕೆ ಶುರುವಾಯ್ತು. ಗಾಡಿ ನಿಲ್ಲಿಸಿ, ರೋಟವೇಟರ್ ಎತ್ತಿ, ಪಿಟಿಓ ಬಿಡಿಸಿ, ಇಂಜಿನ್ನೂ ಆಫ್ ಮಾಡಿದೆ. ಎಲ್ಲ ಸರಿಯಾಗೇ ಮಾಡಿದ್ದೀನಿ ಅನ್ನೋ ಧೈರ್ಯ. ನಮ್ಮ ತಂದೆ ಕಾಲದಿಂದ ಹೊಲದಲ್ಲಿರೋ ಅಣ್ಣ ಕುಡುಗೋಲು ಹಿಡಿದು ಹಿಂದೆ ಹೋಗಿ, ಕೂತು ನಾರು ಕೊಯ್ಯೋಕೆ ಶುರು ಮಾಡಿದರು.

ಸೀಟಿನ ಬಲಗಡೆ ಹೈಡ್ರಾಲಿಕ್‌ನ ಎರಡು ಲಿವರ್ ಇರುತ್ತೆ. ಒಂದು ಪೊಸಿಷನ್ ಕಂಟ್ರೋಲ್, ಉಪಕರಣವನ್ನು ಬೇಕಾದ ಎತ್ತರಕ್ಕೆ ಏರಿಸಿ ಇಳಿಸೋದು. ಇನ್ನೊಂದು ಡ್ರಾಫ್ಟ್ ಕಂಟ್ರೋಲ್, ನೇಗಿಲು ಹೂಡಿದಾಗ ಎಳೆತ ಜಾಸ್ತಿ ಆದರೆ ತಾನಾಗೇ ಸ್ವಲ್ಪ ಎತ್ತಿಕೊಡೋದು. ನನ್ನ ಗಾಡೀಲಿ ಹೊರಗಡೆ ಇರೋದು ಪೊಸಿಷನ್, ಒಳಗಡೆ ಇರೋದು ಡ್ರಾಫ್ಟ್. ಹಿಂದೆ ತಿರುಗಿ ನೋಡುವಾಗ ಒಳಗಿನ ಲಿವರ್ ಮೇಲೆ ಕೈ ಊರೋದು ನನಗೆ ಅಭ್ಯಾಸ. ಏನೂ ಆಗ್ತಿರಲಿಲ್ಲ.

ಈ ಗಾಡೀಲಿ ಅದು ಉಲ್ಟಾ. "ಆಯ್ತಾಣ್ಣಾ?" ಅಂತ ತಿರುಗಿ ಕೈ ಊರಿದೆ. ಲಿವರ್ ಮುಂದಕ್ಕೆ ಹೋಯ್ತು. 300 ಕೆ.ಜಿ.ಗೂ ಮೇಲಿನ ಕಬ್ಬಿಣ ಧಡ್ ಅಂತ ನೆಲಕ್ಕೆ ಬಿತ್ತು.

ಅಣ್ಣ ಆಗಷ್ಟೇ ಕುಡುಗೋಲು ಮಸೆಯೋಕೆ ಅಂತ ಕಾಲು ಹಿಂದಕ್ಕೆ ಎಳೆದುಕೊಂಡಿದ್ದರು. ಬ್ಲೇಡು ಚಪ್ಪಲಿ ಇದ್ದ ಜಾಗದಲ್ಲೇ ಮಣ್ಣಿಗೆ ಇಳಿದಿತ್ತು. ನಾನು ಇಳಿದು ಓಡಿದೆ. ಬಾಯಲ್ಲಿ ಮಾತೇ ಇಲ್ಲ. ಅವರೇ ಹೇಳಿದರು: "ಕಾಲು ಅದೆ ಬುಡಪ್ಪ, ಗಾಬ್ರಿ ಆಗ್ಬ್ಯಾಡ."

ಆವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ಇಂಜಿನ್ ಆಫ್ ಮಾಡಿದರೆ ಸಾಕು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೀವಿ. ಉಪಕರಣ ಏರೋಕೆ ಇಂಜಿನ್ ಬೇಕು, ಇಳಿಯೋಕೆ ಬೇಡ. ಅದು ತನ್ನ ಭಾರಕ್ಕೇ ಇಳಿಯುತ್ತೆ. ಒಳಗಿನ ಎಣ್ಣೆಗೆ ದಾರಿ ಸಿಕ್ಕರೆ ಸಾಕು. ಲಿವರ್ ತಾಗಿದರೂ ಬೀಳುತ್ತೆ, ಸೀಲ್ ಹೋಗಿದ್ದರೂ ಬೀಳುತ್ತೆ. ಎತ್ತಿದ ಉಪಕರಣದ ಕೆಳಗೆ ಕೈಕಾಲು ಹಾಕಬೇಕಾದರೆ ಮೊದಲು ಗಟ್ಟಿ ಮರದ ದಿಮ್ಮಿ ಕೊಟ್ಟು, ಅದರ ಮೇಲೆ ಭಾರ ಕೂರಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಡ್ರೈವರ್ ಸೀಟಿನ ಮೇಲೆ ಯಾರೂ ಇರಬಾರದು.

ಬೇರೆ ಗಾಡಿ ಕೈಗೆ ಬಂದಾಗ ನೋಡಬೇಕಾದ್ದು

ಸರ್ವಿಸ್ ಸಮಯದಲ್ಲಿ ಗ್ಯಾರೇಜಿನವರು ಕೊಡಲಿ, ಪಕ್ಕದ ಹೊಲದ ಮಾವ ಕೊಡಲಿ, ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರಲಿ, ಈ ಪಟ್ಟಿ ಮೊಬೈಲಲ್ಲಿ ಉಳಿಸಿಕೊಳ್ಳಿ.

1. ಕ್ಲಚ್: ಡ್ಯುಯಲ್ ಕ್ಲಚ್ ಗಾಡೀಲಿ ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತೆ, ಪಿಟಿಓ ತಿರುಗ್ತಾ ಇರುತ್ತೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತೆ. ಸಿಂಗಲ್ ಕ್ಲಚ್ ಗಾಡೀಲಿ ಒತ್ತಿದ ಕೂಡಲೇ ಎರಡಕ್ಕೂ ಶಕ್ತಿ ಹೋಗಲ್ಲ, ಬಿಟ್ಟಾಗ ಎರಡೂ ಒಟ್ಟಿಗೆ ಹೊರಡುತ್ತೆ. ರೋಟವೇಟರ್ ಮಣ್ಣಲ್ಲಿದ್ದಾಗ ಹಾಗೆ ಬಿಟ್ಟರೆ ಗಾಡಿಗೆ ಏಟು. ಮೊದಲು ಎತ್ತಿ, ಕ್ಲಚ್ ನಿಧಾನ ಬಿಟ್ಟು, ಚಲಿಸ್ತಾ ಇರುವಾಗ ಇಳಿಸಿ.

2. ಗೇರು: ಕೆಲವದರಲ್ಲಿ ಗೇರ್ ಲಿವರ್ ಕಾಲುಗಳ ನಡುವೆ, ಕೆಲವದರಲ್ಲಿ ಸೀಟಿನ ಪಕ್ಕ. ನಿಮ್ಮ ಗಾಡೀಲಿ ಮೊದಲನೇ ಗೇರ್ ಇರೋ ಜಾಗದಲ್ಲಿ ಇದರಲ್ಲಿ ರಿವರ್ಸ್ ಇರಬಹುದು. ಬಯಲಲ್ಲಿ, ಉಪಕರಣ ಇಲ್ಲದೆ, ಎಲ್ಲ ಗೇರೂ ಒಮ್ಮೆ ಹಾಕಿ ನೋಡಿ.

3. ಹೈಡ್ರಾಲಿಕ್: ಯಾವ ಲಿವರ್ ಯಾವುದು ಅಂತ ಕೊಡುವವರ ಎದುರೇ ಏರಿಸಿ ಇಳಿಸಿ ತಿಳಿದುಕೊಳ್ಳಿ. ರೋಟವೇಟರ್‌ಗೆ ಬಳಸಬೇಕಾದ್ದು ಪೊಸಿಷನ್ ಕಂಟ್ರೋಲ್.

4. ಬ್ರೇಕು: ಎಡ, ಬಲ ಪೆಡಲ್ ಕೂಡಿಸುವ ಕೊಂಡಿ ಎಲ್ಲಿದೆ ನೋಡಿ. ರಸ್ತೆಗೆ ಹೋಗುವ ಮೊದಲು ಹಾಕಲೇಬೇಕು. ಹಳೆ ಗಾಡಿಯ ಡ್ರೈ ಬ್ರೇಕಿಗೆ ನೀರು, ಕೆಸರು ಹೋದರೆ ಹಿಡಿತ ಕಡಿಮೆ ಆಗುತ್ತೆ.

5. ಪಿಟಿಓ ವೇಗ: 540 ಸುತ್ತು ಬರೋಕೆ ಇಂಜಿನ್ ಎಷ್ಟು ಆರ್‌ಪಿಎಂ ಓಡಬೇಕು ಅನ್ನೋದು ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತೆ. ಮೀಟರ್ ಮೇಲೆ ಗುರುತು ಇರುತ್ತೆ. ನಿಮ್ಮ ಗಾಡಿಯ ಲೆಕ್ಕದಲ್ಲಿ ಆಕ್ಸಿಲೇಟರ್ ಎಳೆಯಬೇಡಿ.

6. ಪಿಟಿಓ ಶಾಫ್ಟಿನ ಉದ್ದ: ಇದನ್ನು ಬಹಳ ಜನ ನೋಡಲ್ಲ. ಟ್ರಾಕ್ಟರ್‌ನಿಂದ ಉಪಕರಣಕ್ಕೆ ಇರೋ ದೂರ ಗಾಡಿಯಿಂದ ಗಾಡಿಗೆ ಬೇರೆ. ಶಾಫ್ಟ್ ಉದ್ದ ಆದರೆ ಎತ್ತಿದಾಗ ಒತ್ತಿ ಬೇರಿಂಗ್, ಗೇರ್ ಬಾಕ್ಸ್ ಹಾಳು. ಗಿಡ್ಡ ಆದರೆ ಕೆಲಸದ ಮಧ್ಯೆ ಕಳಚಿ ಹೊಡೆಯುತ್ತೆ. ಪಿಟಿಓ ಹಾಕುವ ಮೊದಲು ನಿಧಾನಕ್ಕೆ ಪೂರ್ತಿ ಏರಿಸಿ ಇಳಿಸಿ ನೋಡಿ.

7. ಪಿನ್ನು: ಚಿಕ್ಕ ಗಾಡಿಯ ಕೆಟಗರಿ 1ರಲ್ಲಿ ಕೆಳಗಿನ ಪಿನ್ 22 ಮಿ.ಮೀ., ದೊಡ್ಡದರ ಕೆಟಗರಿ 2ರಲ್ಲಿ 28 ಮಿ.ಮೀ. ಲೊಡಲೊಡ ಅಂದರೆ ಬುಷ್ ಹಾಕಿ. ಲಿಂಚ್ ಪಿನ್ ಬದಲು ಮೊಳೆ, ತಂತಿ ಬೇಡ.

8. ಕಾಗದ ಪತ್ರ: ಗಾಡಿ ನಂಬರ್ ಹಾಕಿ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಿಮೆ ಜಾರಿಯಲ್ಲಿದೆಯಾ ನೋಡಿ. ನಿಮ್ಮ ಲೈಸೆನ್ಸ್ ಕೂಡ ಜಾರಿಯಲ್ಲಿರಬೇಕು. ಅಪಘಾತ ಆದಾಗ ಗಾಡಿ ಕೊಟ್ಟ ಪುಣ್ಯಾತ್ಮರ ತಲೆ ಮೇಲೆ ಬರೋದು ಬೇಡ.

9. ಫೋಟೋ: ತರುವಾಗ ಅವರ್ ಮೀಟರ್, ಡೀಸೆಲ್ ಮುಳ್ಳು, ಟೈರ್, ಎಲ್ಲೆಲ್ಲಿ ಗೀರು ಇದೆ ಅಂತ ಫೋಟೋ ತೆಗೆದು ಮಾಲೀಕರಿಗೇ ವಾಟ್ಸಾಪ್ ಮಾಡಿ. ಇಂಜಿನ್ ಆಯಿಲ್, ರೇಡಿಯೇಟರ್ ನೀರು ದಿನಾ ಬೆಳಿಗ್ಗೆ ನೋಡಿ.

ಕೊನೆಗೆ

ನಾಲ್ಕನೇ ದಿನ ಸಂಜೆ ಗಾಡಿ ತೊಳೆದು, ಡೀಸೆಲ್ ತುಂಬಿಸಿ ವಾಪಸ್ ಕೊಟ್ಟೆ. ಆಗಿದ್ದನ್ನು ಮೇಸ್ತ್ರಿಗೆ ಮುಚ್ಚಿಡದೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಒಳಗೆ ಹೋಗಿ ಕೆಂಪು ಇನ್ಸುಲೇಷನ್ ಟೇಪ್ ತಂದು ಪೊಸಿಷನ್ ಲಿವರ್‌ಗೆ ಸುತ್ತಿದರು. "ಕೀ ಕೊಡುವಾಗಲೇ ಹೇಳ್ಬೇಕಿತ್ತು ನಾನು" ಅಂದರು. ಕೇಳಬೇಕಾಗಿದ್ದು ನಾನು.

ಅಪ್ಸೆಣಬು ಸರಿಯಾದ ಸಮಯಕ್ಕೆ ಮಣ್ಣಿಗೆ ಸೇರಿತು. ಅದು ಕೊಳೆಯೋಕೆ ಬಿಟ್ಟು, ಜೂನ್‌ನಲ್ಲಿ ಅರಿಶಿನ ನಾಟಿ ಮಾಡಿದ್ವಿ. ಮುಂದಿನ ಸಲ ಸೆಣಬನ್ನು ಮೊದಲು ಬುಡಕ್ಕೆ ಕೊಯ್ದು ಎರಡು ದಿನ ಬಾಡಿಸಿ, ತುಂಡು ಮಾಡಿ, ಆಮೇಲೆ ರೋಟವೇಟರ್ ಹೊಡೀತೀನಿ. ಆಗ ನಾರು ಸುತ್ತೋದು ಬಹಳ ಕಡಿಮೆ.

ಮನೆಗೆ ಬಂದವನೇ ನನ್ನ ಗಾಡಿಯ ಲಿವರ್‌ಗೂ ಕೆಂಪು ಟೇಪ್ ಸುತ್ತಿದೆ. "ನಿಂಗೆ ನಿನ್ನ ಗಾಡಿ ಗೊತ್ತಿಲ್ವಾ?" ಅಂತ ಅಣ್ಣ ನಕ್ಕರು. ನನಗೆ ಗೊತ್ತು. ಆದರೆ ನಾಳೆ ಅರ್ಜೆಂಟಿಗೆ ಅಂತ ಯಾರಾದರೂ ಕೇಳಿಕೊಂಡು ಬಂದರೆ, ಅವರಿಗೆ ನನ್ನದೇ ಬೇರೆ ಕಂಪನಿ ಗಾಡಿ. ಈ ವಾರ ಹತ್ತು ರೂಪಾಯಿ ಟೇಪ್ ತಂದು ನಿಮ್ಮ ಗಾಡಿಗೂ ಸುತ್ತಿ.