ಒಂದು ಮಿಲಿಮೀಟರಿನ ಲೆಕ್ಕ

ಮ್ಯಾಕ್ರೊ ಲೆನ್ಸಿನ ಮೇಲೆ 1:1 ಎಂದು ಬರೆದಿದ್ದರೆ, ಎದುರಿಗಿರುವ ಜೀವಿ ಎಷ್ಟು ದೊಡ್ಡದೋ ಸೆನ್ಸರಿನ ಮೇಲೆ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಬೀಳಬಲ್ಲದು ಎಂದರ್ಥ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 36 ಮಿ.ಮೀ. ಉದ್ದದ ಮಿಡತೆಯೊಂದು ಅಡ್ಡಲಾಗಿ ಕೂತರೆ ಚೌಕಟ್ಟು ಪೂರ್ತಿ ತುಂಬುತ್ತದೆ. ಅಷ್ಟು ಹತ್ತಿರಕ್ಕೆ ಹೋಗಲು ದುಬಾರಿ ಲೆನ್ಸೇ ಬೇಕೆಂದೇನಿಲ್ಲ. 50 ಮಿ.ಮೀ.ನ ಸಾಧಾರಣ ಲೆನ್ಸಿನ ಹಿಂದೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದರೆ ಬಿಂಬ ನಿಜದ ಅಳತೆಯ ಅರ್ಧದಷ್ಟಾಗುತ್ತದೆ. ಅದೇ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ಹಿಂದುಮುಂದಾಗಿ ಕೂರಿಸಿದರೆ ಹೆಚ್ಚುಕಡಿಮೆ 1:1 ದಕ್ಕುತ್ತದೆ. ಕಲಿಯುವವರಿಗೆ ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸೂ ಸಾಕು.

ಕಷ್ಟ ಶುರುವಾಗುವುದು ಆಳದ ವಿಷಯದಲ್ಲಿ. 1:1ರಲ್ಲಿ ಅಪರ್ಚರ್ ಎಫ್/11 ಇಟ್ಟರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1.3 ಮಿ.ಮೀ. ಮಾತ್ರ. ಎಫ್/8ಕ್ಕೆ ತಂದರೆ ಒಂದು ಮಿಲಿಮೀಟರೂ ಉಳಿಯುವುದಿಲ್ಲ. ಹನ್ನೆರಡು ಮಿಲಿಮೀಟರಿನ ಜೇನ್ನೊಣದ ಮುಖಕ್ಕೆ ಫೋಕಸ್ ಮಾಡಿದರೆ ಮೀಸೆಯ ತುದಿಯೂ ಬೆನ್ನೂ ಮಸುಕಿಗೆ ಸರಿದಿರುತ್ತವೆ. ಹಾಗಾದರೆ ಎಫ್/32ಕ್ಕೆ ಹೋಗಬಾರದೇಕೆ? ಬೆಳಕು ತೀರಾ ಕಿರಿದಾದ ಕಿಂಡಿಯಲ್ಲಿ ನುಸುಳುವಾಗ ಅಂಚಿಗೆ ಬಾಗಿ ಹರಡುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ. ಅದೂ ಅಲ್ಲದೆ 1:1ರಲ್ಲಿ ಲೆನ್ಸ್ ಎಫ್/11 ಎಂದು ತೋರಿಸಿದರೂ ಬೆಳಕಿನ ಮಟ್ಟಿಗೆ ಅದು ಎಫ್/22ರಂತೆ ವರ್ತಿಸುತ್ತದೆ. ಆದ್ದರಿಂದ ಬಹುಪಾಲು ಛಾಯಾಗ್ರಾಹಕರು ಎಫ್/8ರಿಂದ ಎಫ್/16ರ ನಡುವೆಯೇ ಓಡಾಡುತ್ತಾರೆ. ಉಳಿಯುವ ಪ್ರಶ್ನೆ ಒಂದೇ: ಆ ಒಂದು ಮಿಲಿಮೀಟರನ್ನು ಎಲ್ಲಿ ಇಡಬೇಕು? ಅದಕ್ಕೆ ಉತ್ತರ ಕ್ಯಾಮೆರಾದ ಕೈಪಿಡಿಗಿಂತ ಕೀಟದ ದಿನಚರಿಯಲ್ಲಿ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಕೀಟಗಳಿಗೆ ನಮ್ಮ ಹಾಗೆ ಸದಾ ಬೆಚ್ಚಗಿರುವ ಮೈಯಿಲ್ಲ. ಚಳಿಗಾಲದ ಮುಂಜಾನೆ ಮೈ ಕಾಯುವವರೆಗೆ ಅವುಗಳ ಹಾರುವ ಸ್ನಾಯುಗಳು ಕೆಲಸ ಮಾಡುವುದಿಲ್ಲ. ಹುಲ್ಲಿನ ಎಸಳಿಗೆ ಅಂಟಿ ಕೂತ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಮೇಲೆ ಇಬ್ಬನಿ ಹನಿಗಟ್ಟಿರುವುದು ಇದೇ ಹೊತ್ತಿನಲ್ಲಿ. ನಮ್ಮ ಹಿತ್ತಲುಗಳಲ್ಲೂ ಬಯಲುಗಳಲ್ಲೂ ಸಿಗುವ ನೀಲಿಪಟ್ಟೆ ಜೇನು ಇನ್ನೂ ಸೊಗಸು. ಇವು ಗೂಡು ಕಟ್ಟಿ ಗುಂಪಾಗಿ ಬಾಳುವ ಜೇನಲ್ಲ. ಹೆಣ್ಣು ಒಂಟಿಯಾಗಿ ಮಣ್ಣಿನಲ್ಲಿ ಬಿಲ ತೋಡುತ್ತದೆ. ಗಂಡುಗಳು ಸಂಜೆಯಾಗುತ್ತಲೇ ಒಣಗಿದ ತೆಳು ಕಡ್ಡಿಯೊಂದನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ, ಹಾಗೆಯೇ ನಿದ್ದೆ ಹೋಗುತ್ತವೆ. ಹಗಲಲ್ಲಿ ತುಂಬೆ, ತುಳಸಿಯ ಹೂವುಗಳ ನಡುವೆ ಕಣ್ಣಿಗೂ ಸಿಗದೆ ಸುಳಿಯುವ ಇದನ್ನು ಬೆನ್ನಟ್ಟುವುದು ವ್ಯರ್ಥ. ಬೆಳಗಿನ ಬಿಸಿಲು ಬೀಳುವ ಮೊದಲು ಆ ಕಡ್ಡಿಯ ಬಳಿ ಹೋದರೆ ಟ್ರೈಪಾಡ್ ನಿಲ್ಲಿಸಿ, ಫೋಕಸನ್ನು ಕೂದಲೆಳೆಯಷ್ಟೇ ಮುಂದಕ್ಕೆ ಸರಿಸುತ್ತಾ ಹತ್ತಾರು ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದುಗೂಡಿಸಬಹುದು. ಫೋಕಸ್ ಸ್ಟ್ಯಾಕಿಂಗ್ ಎನ್ನುವುದು ಇದನ್ನೇ. ಗಾಳಿ ಎದ್ದರೆ ಮಾತ್ರ ಆ ಕೆಲಸ ಅಲ್ಲಿಗೇ ಮುಗಿಯಿತು.

ಹಗಲಿನಲ್ಲಿ ಓಡಾಡುವ ಕೀಟಕ್ಕೆ ಫ್ಲಾಶೇ ಗತಿ. ಕಡಿಮೆ ಶಕ್ತಿಯಲ್ಲಿ ಉರಿಸಿದ ಫ್ಲಾಶಿನ ಮಿಂಚು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಚುಟುಕಾಗಿರಬಲ್ಲದು. ಕೈ ನಡುಕವೂ ಕಾಲು ಚಲನೆಯೂ ಅದರಲ್ಲಿ ನಿಂತುಬಿಡುತ್ತವೆ. ಆದರೆ ಬರಿಯ ಫ್ಲಾಶ್ ಗುಲಗಂಜಿ ಹುಳುವಿನ ನುಣುಪು ಬೆನ್ನಿನ ಮೇಲೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ ಮೂಡಿಸುತ್ತದೆ. ಬೆಳಕಿನ ಮೂಲ ಕೀಟಕ್ಕಿಂತ ಎಷ್ಟು ಅಗಲವಾಗಿ, ಎಷ್ಟು ಹತ್ತಿರವಾಗಿ ಇದ್ದರೆ ನೆರಳು ಅಷ್ಟು ಮೃದು. ಬಿಳಿ ಪ್ಲಾಸ್ಟಿಕ್ ಹಾಳೆಯೋ ಥರ್ಮೋಕೋಲ್ ಹಾಳೆಯೋ ಬಾಗಿಸಿ ಮನೆಯಲ್ಲೇ ಮಾಡಿಕೊಂಡ ಡಿಫ್ಯೂಸರ್ ಹೊಸ ಲೆನ್ಸಿಗಿಂತ ಹೆಚ್ಚಿನ ಗುಣ ತಂದುಕೊಡುತ್ತದೆ. ಇನ್ನು ಹಿನ್ನೆಲೆ ಕಪ್ಪಾಗುವ ಸಂಗತಿ. ಫ್ಲಾಶಿನ ಬೆಳಕು ದೂರಕ್ಕೆ ತಲುಪದ ಕಾರಣ ಹಾಡಹಗಲಿನ ಚಿತ್ರವೂ ನಡುರಾತ್ರಿಯದಂತೆ ಕಾಣುತ್ತದೆ. ಕೆಲವರಿಗೆ ಅದು ಇಷ್ಟ. ನನಗೆ ಹಗಲಿನ ಜೀವಿ ಹಗಲಿನಲ್ಲೇ ಕಾಣಬೇಕು, ಹಾಗಾಗಿ ಕೀಟದ ಬೆನ್ನ ಹಿಂದೆ ಹತ್ತಿರದಲ್ಲೇ ಒಂದು ಎಲೆ ಬರುವ ಕೋನವನ್ನು ಹುಡುಕುವುದು ಒಳ್ಳೆಯದು.

100 ಮಿ.ಮೀ. ಮ್ಯಾಕ್ರೊ ಲೆನ್ಸಿನಲ್ಲಿ 1:1 ಮುಟ್ಟುವಾಗ ಲೆನ್ಸಿನ ತುದಿಗೂ ಕೀಟಕ್ಕೂ ನಡುವೆ ಉಳಿಯುವುದು ಸುಮಾರು 15 ಸೆಂ.ಮೀ. ಕೀಟ ನಮ್ಮನ್ನು ಅಷ್ಟು ಹತ್ತಿರ ಬಿಟ್ಟುಕೊಳ್ಳುವಂತೆ ಮಾಡಲು ಅದು ಲೋಕವನ್ನು ಹೇಗೆ ನೋಡುತ್ತದೆಂದು ತಿಳಿದಿರಬೇಕು. ಏರೋಪ್ಲೇನ್ ಚಿಟ್ಟೆಯ ಒಂದೊಂದು ಕಣ್ಣಿನಲ್ಲೂ ಸಾವಿರಾರು ಕಿರುಗಣ್ಣುಗಳಿವೆ, ಕೆಲವು ಜಾತಿಗಳಲ್ಲಿ ಸುಮಾರು 30,000. ಈ ಕಣ್ಣು ವಿವರಕ್ಕಿಂತ ಚಲನೆಗೆ ಚುರುಕು. ಪಕ್ಕಕ್ಕೆ ಸರಿದರೆ ಹಾರುವ ಕೀಟ, ನೇರ ರೇಖೆಯಲ್ಲಿ ನಿಧಾನವಾಗಿ ಮುಂದೆ ಬಂದರೆ ಅನೇಕ ಸಲ ಸುಮ್ಮನಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಅದು ಕೂತ ಗಿಡ ಅಲ್ಲಾಡಬಾರದು.

ಸೂರ್ಯನ ಕುದುರೆಯ ಹಸಿರು ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ನೀವು ಎಡಕ್ಕೆ ಹೋದರೆ ಚುಕ್ಕೆಯೂ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಆದರೆ ಅದು ಪಾಪೆಯಲ್ಲ. ಸರಿಯಾಗಿ ನಿಮ್ಮತ್ತ ತಿರುಗಿದ ಕಿರುಗಣ್ಣುಗಳು ತಮ್ಮೊಳಕ್ಕೆ ಬಂದ ಬೆಳಕನ್ನು ಹೀರಿಕೊಳ್ಳುವುದರಿಂದ ಆ ಜಾಗ ಮಾತ್ರ ಕಪ್ಪಾಗುತ್ತದೆ. ಆ ಚುಕ್ಕೆಗೆ ಫೋಕಸ್ ಕೂತರೆ ಮಿಕ್ಕಿದ್ದು ಮಸುಕಾದರೂ ಚಿತ್ರ ನಿಲ್ಲುತ್ತದೆ. ಪಕ್ಕದಿಂದ ತೆಗೆಯುವಾಗ ಆ ಮಿಲಿಮೀಟರನ್ನು ಬೇರೆ ರೀತಿ ಬಳಸಬೇಕು: ರೆಕ್ಕೆ ಮಡಿಚಿ ಕೂತ ಚಿಟ್ಟೆಗೆ ಸೆನ್ಸರನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ಮೀಸೆಯ ಬುಡದಿಂದ ರೆಕ್ಕೆಯ ಅಂಚಿನವರೆಗೆ ಎಲ್ಲವೂ ಒಂದೇ ಪದರಿನಲ್ಲಿ ಬರುತ್ತದೆ.

ಎಲ್ಲಿ ಹುಡುಕಬೇಕು ಎಂದು ಕೇಳುವವರಿಗೆ ಕರಿಬೇವಿನ ಗಿಡ ತೋರಿಸಬೇಕು. ಕಾಮನ್ ಮಾರ್ಮನ್ ಚಿಟ್ಟೆ ಅದರ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತಿರುತ್ತದೆ, ಬೆಳೆದಾಗ ಹಸಿರಾಗಿ ಬೆನ್ನ ಮೇಲೆ ಹುಸಿಗಣ್ಣು ತಳೆಯುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಘಾಟು ಹರಡುತ್ತದೆ. ಆ ಕೊಂಬಿನ ಚಿತ್ರಕ್ಕಾಗಿ ಹುಳುವನ್ನು ಮತ್ತೆ ಮತ್ತೆ ಚುಚ್ಚುವವರಿದ್ದಾರೆ, ಬೇಡ. ಜಾಲಿಯ ಕಾಂಡದ ಮೇಲೆ ಮುಳ್ಳಿನಂತೆ ಕೂತ ಕೊಂಬಿನ ಜಿಗಿಹುಳುವನ್ನು ಇರುವೆಗಳು ಸುತ್ತುವರಿದಿರುತ್ತವೆ, ಅದು ಸ್ರವಿಸುವ ಸಿಹಿ ರಸಕ್ಕಾಗಿ. ಅದು ನಿಮ್ಮನ್ನು ಕಂಡು ಕಾಂಡದ ಆಚೆ ಬದಿಗೆ ಜಾರಿದರೆ, ಆಚೆಯಿಂದ ಕೈಯನ್ನು ಮೆಲ್ಲಗೆ ತಂದರೆ ಸಾಕು, ತಾನಾಗಿ ಈಚೆಗೆ ಬರುತ್ತದೆ. ಚಗಳಿ ಇರುವೆಗಳ ಸಾಲಿನ ಬಳಿ ಇನ್ನೂ ಎಚ್ಚರದಿಂದ ನೋಡಬೇಕು. ಅಲ್ಲೊಂದು ಜೇಡ ಇರುವೆಯ ವೇಷದಲ್ಲಿ ಓಡಾಡುತ್ತಿರಬಹುದು. ಮುಂದಿನ ಕಾಲುಗಳನ್ನು ಮೀಸೆಯಂತೆ ಆಡಿಸುತ್ತದೆ, ಸೊಂಟವೂ ಇರುವೆಯದೇ. ಬರಿಗಣ್ಣಿಗೆ ಸಿಗದ ಎಂಟು ಕಾಲು ಮತ್ತು ಮುಖದ ಮುಂದಿನ ಎರಡು ದೊಡ್ಡ ಕಣ್ಣು ಸ್ಪಷ್ಟವಾಗಿ ತೆಗೆದ ಒಂದು ಫ್ರೇಮಿನಲ್ಲಿ ಬಯಲಾಗುತ್ತವೆ.

ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ, ಅಂಟು ಹಚ್ಚಿ ಕೊಂಬೆಗೆ ಕೂರಿಸಿ ತೆಗೆದ ಚಿತ್ರಗಳೂ ಬಹುಮಾನಕ್ಕೆ ಹೋಗುತ್ತವೆ. ಅವುಗಳಲ್ಲಿ ತೋರುವ ಭಂಗಿ ಸುಳ್ಳು, ನಡವಳಿಕೆ ಸುಳ್ಳು. ಬ್ರಿಟನ್ನಿನ ಲೆವನ್ ಬಿಸ್ ಅವರ ‘ಮೈಕ್ರೊಸ್ಕಲ್ಪ್ಚರ್’ ಮಾಲೆಯ ಕೀಟಗಳೂ ಜೀವಂತವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಮಾದರಿಗಳು. ಒಂದೊಂದು ಚಿತ್ರಕ್ಕೂ 8,000ಕ್ಕೂ ಹೆಚ್ಚು ಫ್ರೇಮ್‌ಗಳನ್ನು ಕೂಡಿಸಲಾಗಿದೆ. ಅದನ್ನು ಅವರು ಬಹಿರಂಗವಾಗಿ ಹೇಳುತ್ತಾರೆ, ಆದ್ದರಿಂದ ಅದು ಪ್ರಾಮಾಣಿಕ ಕೆಲಸ. ಮುಚ್ಚಿಟ್ಟಾಗ ಮೋಸ.

ನಿಜವಾಗಿ ಬಯಲಲ್ಲಿ ತೆಗೆದ ಚಿತ್ರಕ್ಕೆ ಎಷ್ಟು ಬೆಲೆ ಬರಬಲ್ಲದು ಎಂಬುದಕ್ಕೆ ಮಲೇಷ್ಯಾದ ಒಂದು ಪ್ರಸಂಗವಿದೆ. ಸೆಲಂಗೋರ್ ರಾಜ್ಯದ ಕಾಡಿನಲ್ಲಿ ಹಾಕ್ ಪಿಂಗ್ ಗುಯೆಕ್ ಎಂಬ ಛಾಯಾಗ್ರಾಹಕರು ಹಸಿರು ಜಾಲರೆಕ್ಕೆಯ ಕೀಟವೊಂದರ ಚಿತ್ರ ತೆಗೆದು ಫ್ಲಿಕರ್‌ನಲ್ಲಿ ಹಾಕಿದರು. ಕೀಟ ಹಾರಿಹೋಗಿತ್ತು. ಕ್ಯಾಲಿಫೋರ್ನಿಯಾದ ಕೀಟತಜ್ಞ ಶಾನ್ ವಿಂಟರ್‌ಟನ್ ಅದರ ರೆಕ್ಕೆಯ ಕಪ್ಪು ಗುರುತುಗಳನ್ನು ನೋಡಿ, ಇದು ವಿಜ್ಞಾನಕ್ಕೆ ಗೊತ್ತಿಲ್ಲದ ಜಾತಿಯೆಂದು ಶಂಕಿಸಿದರು. ಆದರೆ ಚಿತ್ರವೊಂದೇ ಸಾಲದಾಯಿತು. ಗುಯೆಕ್ ಮತ್ತೆ ಅದೇ ಕಾಡಿಗೆ ಹೋಗಿ ಒಂದು ಮಾದರಿಯನ್ನು ಹಿಡಿದರು, ಅದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಟೀವ್ ಬ್ರೂಕ್ಸ್ ಅವರ ಕೈಸೇರಿತು. ಅದೇ ಜಾತಿಯ ಇನ್ನೊಂದು ಮಾದರಿ ಆ ಸಂಗ್ರಹದಲ್ಲೇ ದಶಕಗಳಿಂದ ಹೆಸರಿಲ್ಲದೆ ಉಳಿದಿತ್ತು. 2012ರಲ್ಲಿ ಮೂವರೂ ಸೇರಿ ಅದನ್ನು ‘ಸೆಮಾಕ್ರೈಸಾ ಜೇಡ್’ ಎಂದು ಪ್ರಕಟಿಸಿದರು.

ಆದ್ದರಿಂದ ಚಂದದ ಮುಖದ ಚಿತ್ರ ಸಿಕ್ಕಿದ ಮೇಲೂ ಅಲ್ಲಿಂದ ಏಳಬಾರದು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅದು ಕೂತ ಗಿಡದ ಎಲೆ ಮತ್ತು ಹೂವಿನದೊಂದು ತೆಗೆದುಕೊಳ್ಳಬೇಕು. ದಿನಾಂಕ, ಊರು, ಹೊತ್ತು ಬರೆದಿಡಬೇಕು. ಕಣ್ಣು ಮಸುಕಾಗಿ ರೆಕ್ಕೆಯ ನರಗಳು ಮಾತ್ರ ಸ್ಪಷ್ಟವಾಗಿ ಬಂದ ಫ್ರೇಮನ್ನು ಅಳಿಸಲು ಹೋಗಬೇಡಿ. ಜಾಲರೆಕ್ಕೆಯ ಕೀಟದ ಜಾತಿ ಗುರುತಿಸಲು ಕೂತವರಿಗೆ ಹೆಚ್ಚು ನೆರವಾಗುವುದು ಆ ಫ್ರೇಮೇ.