ಗಾಲ್ಫ್ ಮೈದಾನದ ಹುಲ್ಲಿಗೆ ತೂತು ಏಕೆ?

ಪ್ರಶ್ನೆ: ಗಾಲ್ಫ್ ಮೈದಾನದಲ್ಲಿ ಹಸಿರಾಗಿದ್ದ ಹುಲ್ಲಿಗೆ ಯಂತ್ರದಿಂದ ತೂತು ಹೊಡೆದು ಮರಳು ಸುರಿಯುತ್ತಿದ್ದರು. ಏಕೆ?

ಉತ್ತರ: ಆ ಹುಲ್ಲನ್ನು ಉಳಿಸಿಕೊಳ್ಳುವುದಕ್ಕೇ. ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪು ಜಾಗಕ್ಕೆ ‘ಗ್ರೀನ್’ ಎನ್ನುತ್ತಾರೆ. ಅಲ್ಲಿ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಆಟಗಾರರೆಲ್ಲ ಓಡಾಡುವುದು ಅಲ್ಲೇ, ಕತ್ತರಿಸುವ ಯಂತ್ರ ಮತ್ತೆ ಮತ್ತೆ ಹಾಯುವುದೂ ಅಲ್ಲೇ. ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ, ನೀರು ಇಂಗುವುದಿಲ್ಲ. ಸತ್ತ ಕಾಂಡ, ಬೇರುಗಳು ಪದರಗಟ್ಟಿ ತೇವ ಹಿಡಿದಿಟ್ಟರೆ ಶಿಲೀಂಧ್ರ ರೋಗವೂ ಬರುತ್ತದೆ.

ಯಂತ್ರದ ಟೊಳ್ಳು ಮೊಳೆಗಳು ಬೆರಳುಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಉದುರಿಸುತ್ತವೆ. ಅವನ್ನು ಗುಡಿಸಿ ತೆಗೆದು, ಒಣಮರಳು ಹರಡಿ, ಬ್ರಷ್ಷಿನಿಂದ ಉಜ್ಜಿ ತೂತುಗಳಿಗೆ ತುಂಬುತ್ತಾರೆ. ಹೊಸ ಬೇರುಗಳು ಆ ಮರಳಿನ ದಾರಿಯಲ್ಲೇ ಆಳಕ್ಕಿಳಿಯುತ್ತವೆ.

ಇದಕ್ಕೆ ಕಾಲ ನೋಡಲೇಬೇಕು. ಬೆಚ್ಚನೆಯ ಸೀಮೆಗಳ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ನಮ್ಮ ಗರಿಕೆಯ ಜಾತಿಯದೇ. ಬಿಸಿಲಲ್ಲಿ ಚಿಗುರುವಾಗ ಗಾಯ ಬೇಗ ಮಾಯುತ್ತದೆ. ತಂಪು ದೇಶಗಳ ಬೆಂಟ್ ಹುಲ್ಲಿಗೆ ವಸಂತ ಇಲ್ಲವೇ ಶರತ್ಕಾಲ ಸರಿ. ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನವಂತೂ ಬೇಸಿಗೆಯಲ್ಲಿ ಆಟವನ್ನೇ ನಿಲ್ಲಿಸುತ್ತದೆ. ಶರತ್ಕಾಲದಲ್ಲಿ ಅಲ್ಲಿನ ಬರ್ಮುಡಾ ಮೇಲೆ ರೈ ಹುಲ್ಲಿನ ಬೀಜ ಚೆಲ್ಲುತ್ತಾರೆ. ಏಪ್ರಿಲ್‌ನ ಮಾಸ್ಟರ್ಸ್ ಪಂದ್ಯದಲ್ಲಿ ಟಿವಿಯಲ್ಲಿ ಕಾಣುವ ಹಸಿರಿನಲ್ಲಿ ಹೆಚ್ಚಿನದು ಆ ರೈ ಹುಲ್ಲಿನದೇ.

ತೂತು ಹೊಡೆದ ಮೇಲೆ ಕೆಲವು ವಾರ ಚೆಂಡು ನೆಟ್ಟಗೆ ಉರುಳುವುದಿಲ್ಲ. ಆಡುವವರು ದಯವಿಟ್ಟು ಮೈದಾನದ ಕೆಲಸಗಾರರ ಮೇಲೆ ಸಿಡುಕಬೇಡಿ.