ತೊಗಲು ಕೇಳುವ ಎಣ್ಣೆ

ಗೋಕಾಕವೆಂದರೆ ಕರದಂಟು, ಬಣ್ಣದ ಬೊಂಬೆ, 170 ಅಡಿ ಧುಮುಕುವ ಘಟಪ್ರಭೆ. ಮೂಡಲಗಿಯೆಂದರೆ ಕಬ್ಬು, ಬೆಲ್ಲ. ಹುಕ್ಕೇರಿಯೆಂದರೆ ಹಿಡಕಲ್ ಜಲಾಶಯ, ಸಂಕೇಶ್ವರದ ಮೆಣಸಿನಕಾಯಿ. ಈ ಯಾದಿಯಲ್ಲಿ ಚಪ್ಪಲಿಗೆ ಜಾಗವಿಲ್ಲ. ಹೆಸರನ್ನು ಕೊಲ್ಲಾಪುರ ಒಯ್ದಿತು, ಪೇಟೆಯನ್ನು ಅಥಣಿ, ನಿಪ್ಪಾಣಿಗಳು ಹಿಡಿದವು. ಆದರೂ ಈ ಮೂರು ತಾಲ್ಲೂಕುಗಳ ಸಮಗಾರ ಓಣಿಗಳಲ್ಲಿ ರಂಪಿಗೆ, ಉಳಿಗಳ ಸದ್ದು ಪೂರ್ತಿ ಅಡಗಿಲ್ಲ.

ಹುಕ್ಕೇರಿ ತಾಲ್ಲೂಕಿನ ಅಂಥದೊಂದು ಓಣಿಗೆ ನಾನು ಹೋದದ್ದು ಚಪ್ಪಲಿ ನೋಡಲಿಕ್ಕಲ್ಲ, ಎಣ್ಣೆ ನೋಡಲಿಕ್ಕೆ. ಅಲ್ಲಿನ ಹಿರಿಯ ಹೆಣ್ಣುಮಗಳೊಬ್ಬಳು ತೊಗಲು ಮುಟ್ಟಿ ನೋಡಿ ಅದಕ್ಕೆ ಯಾವ ಎಣ್ಣೆ ಬೇಕೆಂದು ಹೇಳುತ್ತಾಳೆ ಎಂದು ಕೇಳಿದ್ದೆ. ಓಣಿಯವರಿಗೆಲ್ಲ ಆಕೆ ‘ಆಯಿ’. ಈ ಕಸುಬಿನಲ್ಲಿ ಅಟ್ಟೆ ಕೊಯ್ಯುವುದು, ಹೊಲಿಯುವುದು ಗಂಡಸರದು; ಪಟ್ಟಿಯ ಹೆಣಿಕೆ, ಕುಸುರಿ ಬಹುಮಟ್ಟಿಗೆ ಹೆಂಗಸರದು. ಆಯಿಯ ಮನೆಯಲ್ಲಿ ಎಣ್ಣೆಯೂ ಹೆಂಗಸರ ಪಾಲಿಗೇ ಬಂದಿತ್ತು. ಅಡುಗೆಮನೆಯಿಂದ ತರುವ ಸಾಮಾನು ತಾನೆ!

ಮಾಡದ ಗೂಡಿನಲ್ಲಿ ಸಾಲಾಗಿ ಬಾಟಲಿಗಳು: ಔಡಲ, ಶೇಂಗಾ, ಕುಸುಬಿ, ಅಗಸಿ, ಕೊಬ್ಬರಿ, ಬೇವು. “ಎಲ್ಲಾ ಎಣ್ಣಿ ಎಣ್ಣೀನ, ಆದ್ರ ಎಲ್ಲಾ ಎಣ್ಣಿ ತೊಗಲಿನವಲ್ಲ, ತಮ್ಮಾ” ಎಂದು ಆಯಿ ಕೊಯ್ದುಳಿದ ಚೂರೊಂದನ್ನು ಕೈಗಿಟ್ಟಳು. ಎಮ್ಮೆ ತೊಗಲು, ಜಾಲಿ ತೊಗಟೆಯಲ್ಲಿ ಹದವಾದದ್ದು. ಬಾಗಿಸಿದರೆ ಕರಕರ ಎಂದಿತು. ಹದವಾದ ತೊಗಲು ಒಣಗಿದಾಗ ಒಳಗಿನ ಎಳೆಗಳು ಒಂದಕ್ಕೊಂದು ತಿಕ್ಕಾಡುತ್ತವೆ, ಅಂಟಿ ಬಿರುಸಾಗುತ್ತವೆ, ಕೊನೆಗೆ ಸೀಳುತ್ತವೆ. ಎಳೆಗಳ ನಡುವೆ ಜಾರಿಕೆ ಉಳಿಸುವುದು ಎಣ್ಣೆಯ ಕೆಲಸ.

ಔಡಲೆಣ್ಣೆ ಮಂದ, ಗಾಳಿಗೆ ಒಣಗುವುದಿಲ್ಲ. ಒಮ್ಮೆ ಒಳಸೇರಿದರೆ ಬಹುಕಾಲ ಅಲ್ಲೇ ನಿಲ್ಲುತ್ತದೆ. ಹಾಗಾಗಿ ದಪ್ಪ ಅಟ್ಟೆಗೆ ಅದು ಸೈ, ತುಸು ಬೆಚ್ಚಗೆ ಮಾಡಿ ಅರಿವೆಯಿಂದ ಸವರಬೇಕು. ಶೇಂಗಾ ಎಣ್ಣೆ ತೆಳು, ಮೇಕೆ ತೊಗಲಿನ ಪಟ್ಟಿಗೆ ಬೇಗ ಇಳಿಯುತ್ತದೆ. ಹೆಚ್ಚಾದರೆ ಕಮಟು ವಾಸನೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವಂಥದ್ದು, ಚಳಿಗಾಲದ ಬೆಳಗಿನಲ್ಲಿ ಪಟ್ಟಿಯ ಮೇಲೆ ಬಿಳಿ ಪದರ ಕಟ್ಟಬಹುದು. ಬೇವಿನೆಣ್ಣೆ ಬೂಸ್ಟು ಬಾರದಿರಲೆಂದು ನಾಲ್ಕು ಹನಿ, ಅಷ್ಟೇ. ಅಗಸಿ ಎಣ್ಣೆಯ ಬಾಟಲಿಯನ್ನು ಮಾತ್ರ ಆಯಿ ಬೇರೆಯೇ ಇಟ್ಟಿದ್ದಳು. ಅದು ಗಾಳಿ ಕುಡಿದು ಗಟ್ಟಿಯಾಗುವ ಎಣ್ಣೆ. ಬಾಗಿಲಿಗೆ ಒಳ್ಳೆಯದು, ಬಾಗಬೇಕಾದ ಪಟ್ಟಿಗಲ್ಲ.

ಗಾಳಿಗೆ ಒಣಗುವ ಗುಣ ಕುಸುಬಿಗೂ ಇದೆ. ಆದರೆ ಅದರ ಕಥೆ ಬೇರೆ. ಕುಸುಬಿಯನ್ನು ಸುಟ್ಟು ಇಳಿಸಿದ ಕರಿ, ಜಿಗುಟು ಎಣ್ಣೆಯನ್ನು ಹಿಂದೆ ಬಾವಿಯ ಹಗ್ಗಕ್ಕೆ, ನೀರಲ್ಲಿ ನೆನೆಯುವ ತೊಗಲಿಗೆ ಬಳಿಯುತ್ತಿದ್ದರು. ಎತ್ತು ಕಟ್ಟಿ ನೀರೆಳೆಯುವ ಕಪಿಲೆಯ ತೊಗಲ ಬಾನಿ ಅಂಥದ್ದನ್ನು ಕುಡಿದೇ ಬಾಳುತ್ತಿತ್ತು. ಪಂಪ್‌ಸೆಟ್ ಬಂದು ಬಾನಿ ಹೋಯಿತು, ಬಾನಿಯೊಂದಿಗೆ ಆ ಎಣ್ಣೆಯೂ ಹೋಯಿತು.

ಆಯಿಯ ಪರೀಕ್ಷೆ ಸರಳ. ಚೂರಿನ ಮೇಲೆ ಒಂದು ಹನಿ ಬಿಟ್ಟು ರಾತ್ರಿಯೆಲ್ಲ ಇಡುವುದು. ಬೆಳಿಗ್ಗೆ ಬಣ್ಣ ಎಷ್ಟು ಕಂದಿತು, ಹನಿ ಎಷ್ಟಗಲ ಹರಡಿತು, ಬಾಗಿಸಿದರೆ ಮೇಲೆ ಜಿಡ್ಡು ಒಸರಿತೇ? ಒಸರಿದರೆ ಹೆಚ್ಚಾಯಿತೆಂದು ಅರ್ಥ. ಒದ್ದೆಯಾದ ಚಪ್ಪಲಿಯನ್ನು ಬಿಸಿಲಿಗಿಡದೆ ನೆರಳಿನಲ್ಲಿ ಆರಿಸಿ, ಇನ್ನೂ ತುಸು ಪಸೆಯಿರುವಾಗಲೇ ಎಣ್ಣೆ ಕೊಡಬೇಕು. ಆಗ ಒಳಕ್ಕೆ ಸಮನಾಗಿ ಇಳಿಯುತ್ತದೆ.

ಕಪ್ಪು ಪಟ್ಟಿಯ ಗುಟ್ಟು ಇನ್ನೊಂದು ಮಡಕೆಯಲ್ಲಿತ್ತು. ಮೂಡಲಗಿ ಕಡೆಯ ಬೆಲ್ಲ, ನೀರು, ತುಕ್ಕು ಹಿಡಿದ ಮೊಳೆ, ಲಾಳದ ತುಂಡು. ಹುಳಿತ ಈ ನೀರನ್ನು ಜಾಲಿಯಲ್ಲಿ ಹದವಾದ ತೊಗಲಿಗೆ ಸವರಿದರೆ ತೊಗಟೆಯ ಒಗರು ಕಬ್ಬಿಣದೊಡನೆ ಕೂಡಿ ನೋಡನೋಡುತ್ತ ಕಪ್ಪಾಗುತ್ತದೆ. ಮೇಲೆ ಬಳಿದ ಬಣ್ಣವಲ್ಲ, ತೊಗಲೇ ಕಪ್ಪಾದದ್ದು. ಕಲಂಕಾರಿ ಬಟ್ಟೆಯ ಕಪ್ಪಿಗೂ ಇದೇ ಕಬ್ಬಿಣ, ಇದೇ ಬೆಲ್ಲ. ಒದ್ದೆ ತೊಗಲಿನ ಮೇಲೆ ಕಬ್ಬಿಣದ ಕತ್ತರಿ ಮರೆತಿಟ್ಟರೆ ಕರಿ ಕಲೆ ಬೀಳುವುದೂ ಇದರಿಂದಲೇ. ಕಬ್ಬಿಣ ವರ್ಷಗಳ ಮೇಲೆ ತೊಗಲನ್ನು ತಿನ್ನುತ್ತದೆ, ಹಾಗಾಗಿ ಕಪ್ಪು ಪಟ್ಟಿಗೆ ಎಣ್ಣೆಯ ಉಪಚಾರ ಹೆಚ್ಚು.

ಕೊನೆಯ ಮೆರುಗಿಗೆ ಜೇನುಮೇಣ. 60 ಡಿಗ್ರಿ ದಾಟಿದರೆ ಕರಗುವ ಮೇಣವನ್ನು ಬಿಸಿನೀರಿನೊಳಗಿಟ್ಟ ಬಟ್ಟಲಲ್ಲಿ ಔಡಲೆಣ್ಣೆಯೊಂದಿಗೆ ಕಲೆಸಿ, ಬೆರಳಲ್ಲಿ ಹಚ್ಚಿ, ಗಾಜಿನ ಬಾಟಲಿಯ ಬುಡದಿಂದ ತಿಕ್ಕುವುದು. “ಮಿಂಚ ತಿಕ್ಕಿ ಬರಬೇಕು, ಬಳದ ಬರಬಾರದು.” ಈಗಿನ ಪೇಟೆಯ ಸ್ಪ್ರೇ ಲ್ಯಾಕರ್ ಬಗ್ಗೆ ಆಯಿಯ ತಕರಾರು ಅಷ್ಟೇ. ಅದು ತೊಗಲಿನ ರಂಧ್ರ ಮುಚ್ಚುತ್ತದೆ. ಅಂಗಡಿಯಲ್ಲಿ ಹೊಳೆಯುತ್ತದೆ, ಮೇಲೆ ಎಣ್ಣೆ ಹಚ್ಚಿದರೆ ಒಳಗಿಳಿಯುವುದಿಲ್ಲ, ಬಾಗುವಲ್ಲಿ ಹಪ್ಪಳೆ ಏಳುತ್ತದೆ.

ಹದ ಮಾಡುವ ಕೆಲಸ ಆಯಿಯ ಓಣಿಯಲ್ಲಿ ನಿಂತುಹೋಗಿದೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ತುಂಬಿ ದಿನಗಟ್ಟಲೆ ಕಾಯುವ ಪದ್ಧತಿಯದು. ಕ್ರೋಮ್ ಹದಕ್ಕೆ ಅಷ್ಟು ಸಮಯ ಬೇಡ. ದಕ್ಷಿಣ ಭಾರತಕ್ಕೆ ಅದನ್ನು ತಂದವರಲ್ಲಿ ಮುಖ್ಯ ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದ ಅವರು 1903ರಲ್ಲಿ ಮದರಾಸಿನಲ್ಲಿ ಪ್ರಯೋಗ ಆರಂಭಿಸಿದಾಗ ಕಣ್ಣಿಟ್ಟದ್ದು ಕಪಿಲೆಯ ಬಾನಿಯ ಮೇಲೆಯೇ, ನೀರಿಗೆ ಬೇಗ ಕೊಳೆಯದ ಬಾನಿ ಮಾಡಬೇಕೆಂದು.

ಈ ಸೀಮೆಯಲ್ಲಿ ಕಸುಬಿನ ಬೇರು ಕೇಳಿದರೆ ಮಾತು ಶರಣರಿಗೆ ಹೋಗುತ್ತದೆ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಹನ್ನೆರಡನೆಯ ಶತಮಾನದವರು. ಕಕ್ಕಯ್ಯನ ಗದ್ದುಗೆ ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ. ಆಮೇಲಿನದು ಕೊಲ್ಲಾಪುರದ ಶಾಹೂ ಮಹಾರಾಜರ ಪ್ರೋತ್ಸಾಹ, ಕಾಪಶಿ, ಪಾಯತಾನ, ಬಕ್ಕಲನಾಳಿ, ಪುಕರಿ ಎಂಬ ಹೆಸರಿನ ಮಾದರಿಗಳು. 1976ರಲ್ಲಿ ನಮ್ಮ ಸರ್ಕಾರ ಚರ್ಮೋದ್ಯಮಕ್ಕಾಗಿ ಲಿಡ್ಕರ್ ನಿಗಮ ಕಟ್ಟಿತು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಮಿಲಾನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೊಡಿಸಿ, ಮೂಲ ಹೇಳದೆ ಗದ್ದಲಕ್ಕೆ ಗುರಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್‌ಕಾಮ್ ಜೊತೆ ಅದರ ಒಪ್ಪಂದವಾಯಿತು. ಹೆಸರಿಗೆ ಬೆಲೆ ಬಂದದ್ದು ಸಂತೋಷವೇ. ಆದರೆ ಓಣಿಯ ದುಗುಡ ಬೇರೆ. ಎರಡೂ ರಾಜ್ಯಗಳಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಬಿಗಿಯಾದ ಮೇಲೆ ತೊಗಲಿನ ಅಭಾವ, ರೆಗ್ಜಿನ್‌ನ ನಕಲಿ ಚಪ್ಪಲಿಯ ಪೈಪೋಟಿ, ಕೂಲಿಗೆ ಹೊರಟ ಹುಡುಗರು.

ಇವುಗಳ ಪಕ್ಕದಲ್ಲಿ ಎಣ್ಣೆಯದೇನು ದೊಡ್ಡ ಮಾತೆನಿಸಬಹುದು. ಆದರೆ ಕೊಂಡವನಿಗೆ ಎಣ್ಣೆ ಹಚ್ಚಲು ಗೊತ್ತಿಲ್ಲದಿದ್ದರೆ ಒಳ್ಳೆಯ ಜೋಡಿಯೂ ಎರಡನೇ ವರ್ಷಕ್ಕೆ ಸೀಳುತ್ತದೆ, ಆತ ಮತ್ತೆ ಕೈಕೆಲಸದ ಚಪ್ಪಲಿ ಕೊಳ್ಳುವುದಿಲ್ಲ. ಲಿಡ್ಕರ್ ಮಳಿಗೆಗಳಲ್ಲಿ ಪ್ರತಿ ಜೋಡಿಯೊಂದಿಗೆ ಔಡಲೆಣ್ಣೆಯ ಸಣ್ಣ ಶೀಶೆ, ಹಚ್ಚುವ ಕ್ರಮ ಬರೆದ ಕನ್ನಡ ಚೀಟಿ ಕೊಟ್ಟರೆ ಖರ್ಚೆಷ್ಟು? ಆ ಚೀಟಿ ಬರೆಸಲು ಯಾರಾದರೂ ಆಯಿಯಂಥವರನ್ನು ಕೇಳಿಯಾರು, ಕೇಳಿದ ಒಬ್ಬಿಬ್ಬರು ಹುಡುಗಿಯರು ಕಲಿತಾರು ಎಂಬ ಆಸೆ ನನ್ನದು.

ಮುಂಗಾರಿಗೆ ಮುಂಚೆ ಊರವರೆಲ್ಲ ಚಪ್ಪಲಿ, ಬಾರುಕೋಲು, ಮಿಣಿ ತಂದು ಎಣ್ಣೆ ಹಚ್ಚಿಸಿಕೊಂಡು ಹೋಗುತ್ತಿದ್ದ ಕಾಲವನ್ನು ಆಯಿ ಕಂಡಿದ್ದಾಳೆ. ಈಗ ಮಳೆಗಾಲಕ್ಕೆ ರಬ್ಬರ್, ಬಾರುಕೋಲಿಗೆ ನೈಲಾನ್, ಉಳುಮೆಗೆ ಟ್ರ್ಯಾಕ್ಟರ್. ಆದರೂ ಗೂಡಿನ ಬಾಟಲಿಗಳು ಖಾಲಿಯಾಗದಂತೆ ಆಕೆ ನೋಡಿಕೊಳ್ಳುತ್ತಾಳೆ. ಯಾರಿಗಾಗಿ ಎಂದು ಕೇಳುವ ಮನಸ್ಸು ನನಗಾಗಲಿಲ್ಲ.